ಮಗ ಪಿಚ್ ಮಾಡುವಾಗ ಬೇಲಿಯಾಚೆ ಕೂತು ನೋಡುವುದು ಹೇಗೆ? ಲಿಟಲ್ ಲೀಗ್ ಅಪ್ಪ ಅಮ್ಮಂದಿರಲ್ಲಿ ಒಂದು ಪ್ರಶ್ನೆ

ಸಾಗರದ ಸೊಸೆ, ಸ್ಯಾನ್ ಹೊಸೆ

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಲಿಟಲ್ ಲೀಗ್‌ಗೆ, ಅಂದರೆ ಅಮೆರಿಕದ ಮಕ್ಕಳ ಬೇಸ್‌ಬಾಲ್ ಲೀಗ್‌ಗೆ, ಸೇರಿಸಿರುವವರು ಇಲ್ಲಿ ತುಂಬಾ ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಗನಿಗೆ ಹತ್ತು ವರ್ಷ. ಕೋಲಿನ ಮೇಲಿಟ್ಟ ಚೆಂಡು ಹೊಡೆಯುವ ಪುಟಾಣಿಗಳ ಟೀ ಬಾಲ್‌ನಿಂದಲೂ ಆಡುತ್ತಾ ಬಂದಿದ್ದಾನೆ. ಆಗೆಲ್ಲ ನೋಡುವುದೇ ಒಂದು ಸುಖ. ಅರ್ಧ ಮಕ್ಕಳು ಔಟ್‌ಫೀಲ್ಡ್‌ನಲ್ಲಿ ಹುಲ್ಲು ಕೀಳುತ್ತಾ ಕೂತಿರುತ್ತಿದ್ದರು. ಯಾರು ಗೆದ್ದರು ಅಂತ ಯಾರೂ ಕೇಳುತ್ತಿರಲಿಲ್ಲ. ಈ ಸೀಸನ್‌ನಲ್ಲಿ ಕೋಚ್ ಅವನನ್ನು ಪಿಚರ್ ಮಾಡಿದ್ದಾರೆ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಎಡಗೈ ಹುಡುಗ, ಎಸೆತದಲ್ಲಿ ಜೋರಿದೆ. ಅವನಿಗಂತೂ ಭಾರಿ ಖುಷಿ.

ನನಗೆ ಮಾತ್ರ ಕೂತು ನೋಡಲು ಆಗುತ್ತಿಲ್ಲ. ಬೇರೆ ಜಾಗದಲ್ಲಿ ನಿಂತಿದ್ದರೆ ಒಂಬತ್ತು ಜನರಲ್ಲಿ ಒಬ್ಬ. ಪಿಚರ್ ನಿಲ್ಲುವ ಮಣ್ಣಿನ ದಿಬ್ಬ, ಆ ಮೌಂಡ್ ಮೇಲೆ ಅವನೊಬ್ಬನೇ. ಕಳೆದ ಶನಿವಾರ ಮೂರು ಜನರನ್ನು ಸಾಲಾಗಿ ವಾಕ್ ಮಾಡಿದ, ಅಂದರೆ ನಾಲ್ಕು ನಾಲ್ಕು ಕೆಟ್ಟ ಚೆಂಡು ಹಾಕಿ ಓಟದ ಮೊದಲ ನಿಲ್ದಾಣವಾದ ಮೊದಲ ಬೇಸನ್ನು ಪುಕ್ಕಟೆ ಕೊಟ್ಟ. ಮೂರೂ ಬೇಸ್ ಭರ್ತಿ. ಟೋಪಿ ತೆಗೆದು ತೋಳಿನಿಂದ ಹಣೆ ಒರೆಸಿಕೊಂಡ, ಮತ್ತೆ ಹಾಕಿಕೊಂಡ. ಗ್ಲೌಸ್ ಒಳಗೆ ಚೆಂಡನ್ನು ಸುಮ್ನೆ ತಿರುಗಿಸುತ್ತಾ ನಿಂತ. ಕೆಳತುಟಿ ಕಚ್ಚಿಕೊಂಡಿದ್ದು ನಾವು ಕೂರುವ ಬ್ಲೀಚರ್ಸ್‌ನಿಂದಲೇ ಕಾಣುತ್ತಿತ್ತು. ನನಗೆ ಜೀವ ಬಾಯಿಗೆ ಬಂದಿತ್ತು. ಎದ್ದು ಕಾರಿನ ಹತ್ತಿರ ಹೋಗಿ ನಿಲ್ಲಬೇಕು ಅನ್ನಿಸಿತು. ಆದರೆ ಅವನು ತಿರುಗಿ ನೋಡಿದಾಗ ಅಮ್ಮ ಅಲ್ಲಿ ಇಲ್ಲದಿದ್ದರೆ?

ನಮ್ಮನೆಯವರದು ಇನ್ನೊಂದು ಥರ. ಬ್ಯಾಟರ್ ಬೆನ್ನ ಹಿಂದಿನ ಬಲೆಬೇಲಿ, ಆ ಬ್ಯಾಕ್‌ಸ್ಟಾಪ್ ಹಿಂದೆ ನಿಂತು ಪ್ರತಿ ಎಸೆತಕ್ಕೂ ಕನ್ನಡದಲ್ಲಿ ಹೇಳುತ್ತಾರೆ. "ಮೊಣಕೈ ಮೇಲೆತ್ತು", "ಆತುರ ಬೇಡ ಪುಟ್ಟಾ", "ಕೆಳಗೆ ಹಾಕು". ಬೇರೆಯವರಿಗೆ ಅರ್ಥ ಆಗಲ್ಲ, ಯಾರಿಗೂ ತೊಂದರೆ ಇಲ್ಲ ಅನ್ನುವುದು ಅವರ ವಾದ. ಆದರೆ ಮಗ ಈಗ ಎಸೆಯುವ ಮೊದಲು ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಕಡೆ ನೋಡುವುದನ್ನು ಬಿಟ್ಟು ಅಪ್ಪನ ಕಡೆ ನೋಡುತ್ತಾನೆ.

ಇನ್ನೊಂದು ವಿಷಯ. ಭಾನುವಾರ ಒಂದು ಟ್ರಾವೆಲ್ ಟೀಮ್‌ಗೂ, ಅಂದರೆ ದುಡ್ಡು ಕಟ್ಟಿ ಊರೂರಿನ ಟೂರ್ನಿಗೆ ಹೋಗುವ ಬೇರೆ ಟೀಮ್‌ಗೂ, ಆಡುತ್ತಾನೆ. ಅಲ್ಲೂ ಪಿಚಿಂಗ್. ಮೊಣಕೈ ಒಳಗಡೆ ನೋಯುತ್ತೆ ಅಂತ ಈಚೆಗೆ ಹೇಳುತ್ತಿದ್ದಾನೆ. ಬೆಳೆಯುವ ವಯಸ್ಸು, ಹಾಗೇ ಇರುತ್ತೆ ಅಂತ ಆ ಟೀಮಿನ ಕೋಚ್ ಅಂದರು.

ನೀವೆಲ್ಲ ಹೇಗೆ ನೋಡುತ್ತೀರಿ? ಏನು ಹೇಳುತ್ತೀರಿ, ಏನು ಹೇಳುವುದಿಲ್ಲ?

ಹಾಸನದ ಹುಡುಗ, ಫ್ರೀಮಾಂಟ್

ಅಕ್ಕ, ಉಳಿದದ್ದೆಲ್ಲ ಆಮೇಲೆ. ಮೊದಲು ಮೊಣಕೈ. ಇವತ್ತಿನಿಂದಲೇ ಎಸೆಯುವುದನ್ನು ನಿಲ್ಲಿಸಿ. ಮಕ್ಕಳ ಮೂಳೆ ನೋಡುವ ಅಥವಾ ಸ್ಪೋರ್ಟ್ಸ್ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಹತ್ತು ವರ್ಷದ ಪಿಚರ್‌ಗೆ ಮೊಣಕೈ ಒಳಭಾಗ ನೋವು ಅಂದರೆ ಅದನ್ನು ಬೆಳೆಯುವ ನೋವು ಅಂತ ತಳ್ಳಿಹಾಕುವ ಹಾಗಿಲ್ಲ. ಇದಕ್ಕೆ "ಲಿಟಲ್ ಲೀಗ್ ಎಲ್ಬೋ" ಅಂತಲೇ ಹೆಸರಿದೆ. ಈ ವಯಸ್ಸಿನಲ್ಲಿ ಮೂಳೆಯ ತುದಿಯಲ್ಲಿ ಗ್ರೋತ್ ಪ್ಲೇಟ್, ಅಂದರೆ ಮೂಳೆ ಬೆಳೆಯುವ ಜಾಗ, ಇನ್ನೂ ಮೆತ್ತಗೇ ಇರುತ್ತದೆ. ಎಸೆದಾಗಲೆಲ್ಲ ಒಳಬದಿಯ ಸ್ನಾಯು, ಲಿಗಮೆಂಟ್ ಎರಡೂ ಅದನ್ನು ಎಳೆಯುತ್ತವೆ. ಬಿಡುವು ಕೊಟ್ಟರೆ ವಾಸಿಯಾಗುತ್ತದೆ. ಕೊಡದಿದ್ದರೆ ಆ ತುಂಡು ಮೂಳೆ ಜಾಗ ಬಿಟ್ಟು ಕದಲಬಹುದು.

ನಾನು ನಮ್ಮ ಲೀಗ್‌ನಲ್ಲಿ ಕೋಚ್ ಆಗಿ ಸೇವೆ ಮಾಡುತ್ತೇನೆ. ಅದಕ್ಕೇ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಲಿಟಲ್ ಲೀಗ್‌ನಲ್ಲಿ 2007ರಿಂದ ಎಸೆತದ ಎಣಿಕೆಯೇ ನಿಯಮ. 7-8 ವರ್ಷದವರಿಗೆ ದಿನಕ್ಕೆ 50, 9-10ಕ್ಕೆ 75, 11-12ಕ್ಕೆ 85. ಇದು ಮೇಲಿನ ಮಿತಿ, ಅಷ್ಟು ಎಸೆಯಲೇಬೇಕು ಅಂತಲ್ಲ. ಆಮೇಲೆ ಬಿಡುವು. 20ರವರೆಗೆ ಎಸೆದರೆ ಬಿಡುವು ಬೇಡ. 21ರಿಂದ 35 ಆದರೆ ಒಂದು ದಿನ, 36ರಿಂದ 50 ಆದರೆ ಎರಡು, 51ರಿಂದ 65 ಆದರೆ ಮೂರು, 66 ದಾಟಿದರೆ ನಾಲ್ಕು ದಿನ. 41 ಎಸೆತ ಆದಮೇಲೆ ಅವತ್ತು ಕ್ಯಾಚರ್ ಆಗಿ ಕೂರುವ ಹಾಗಿಲ್ಲ. ಯಾಕೆಂದರೆ ಕ್ಯಾಚರ್ ಕೂಡ ಪ್ರತಿ ಚೆಂಡನ್ನೂ ವಾಪಸ್ ಎಸೆಯಬೇಕಲ್ಲ.

ಈಗ ನಿಮ್ಮ ಮಗನ ಶನಿವಾರ, ಭಾನುವಾರ ನೋಡಿ. ಮೂರು ವಾಕ್ ಇದ್ದ ಆ ಪಂದ್ಯದಲ್ಲಿ 50 ಎಸೆತ ದಾಟಿರಲೂಬಹುದು. ಹಾಗಿದ್ದರೆ ಮೂರು ದಿನ ಬಿಡುವು ಬೇಕಿತ್ತು. ಆದರೆ ಲೀಗ್‌ನ ಪುಸ್ತಕದಲ್ಲಿ ಟ್ರಾವೆಲ್ ಟೀಮಿನ ಎಸೆತ ಬರುವುದಿಲ್ಲ. ಆ ಟೀಮಿನ ಪುಸ್ತಕದಲ್ಲಿ ಲೀಗ್‌ನ ಎಸೆತ ಬರುವುದಿಲ್ಲ. ಇಬ್ಬರು ಕೋಚ್‌ಗಳೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗೇ ಇರುತ್ತಾರೆ, ಕೈ ಮಾತ್ರ ಒಂದೇ. ಎರಡನ್ನೂ ಕೂಡಿಸಿ ನೋಡುವವರು ಜಗತ್ತಿನಲ್ಲಿ ನೀವಿಬ್ಬರೇ.

ವೃತ್ತಿಪರರ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸಂಸ್ಥೆ ಸೇರಿ 2014ರಲ್ಲಿ ಪಿಚ್ ಸ್ಮಾರ್ಟ್ ಅಂತ ಸಲಹೆಗಳನ್ನು ಕೊಟ್ಟಿವೆ. ವರ್ಷದಲ್ಲಿ ನಾಲ್ಕು ತಿಂಗಳಾದರೂ ಪಿಚಿಂಗ್ ಇರಬಾರದು ಅನ್ನುತ್ತವೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಹಿಮ ಬಿದ್ದು ಮೈದಾನ ಮುಚ್ಚುವುದಿಲ್ಲ. ಆ ನಾಲ್ಕು ತಿಂಗಳನ್ನು ಮನೆಯವರೇ ಹಟ ಹಿಡಿದು ಉಳಿಸಬೇಕು.

ಬಯಲುಸೀಮೆ, ಪ್ಲೇನೋ

ಹಾಸನದವರು ಹೇಳಿದ ಲೆಕ್ಕ ನೂರಕ್ಕೆ ನೂರು ಸರಿ. ಆದರೆ ಟ್ರಾವೆಲ್ ಬಾಲ್ ಅಂದರೇ ಕೆಟ್ಟದ್ದು ಅನ್ನುವ ಹಾಗೆ ಯಾರೂ ತಿಳಿಯಬೇಡಿ. ನನ್ನ ದೊಡ್ಡ ಮಗನಿಗೆ ಒಳ್ಳೆಯ ಗೆಳೆಯರು ಸಿಕ್ಕಿದ್ದು ಅಲ್ಲೇ. ಅವನ ಕೋಚ್ ಪ್ರತಿ ಟೂರ್ನಿಗೆ ಮೊದಲು "ಈ ವಾರ ಬೇರೆ ಕಡೆ ಎಷ್ಟು ಎಸೆದಿದ್ದೀಯ" ಅಂತ ಕೇಳಿಯೇ ಪಟ್ಟಿ ಬರೆಯುತ್ತಿದ್ದರು. ಅಂಥವರೂ ಇದ್ದಾರೆ.

ಸೇರಿಸುವ ಮೊದಲು ಎರಡು ವಿಷಯ ಕೇಳಿ. ಒಂದು, ಎಸೆತದ ಲೆಕ್ಕ ಇಡುತ್ತೀರಾ, ನಮಗೆ ತೋರಿಸುತ್ತೀರಾ? ಇನ್ನೊಂದು, ಮಗುವಿಗೆ ನೋವು ಅಂದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ "ನಿಲ್ಲಿಸುತ್ತೇವೆ" ಬಿಟ್ಟು ಬೇರೆ ಯಾವ ಉತ್ತರ ಬಂದರೂ ಹೊರಗೆ ಬನ್ನಿ. ದುಡ್ಡು ಕಟ್ಟಿಯಾಗಿದೆ, ಹೋಟೆಲ್ ಬುಕ್ ಆಗಿದೆ ಅಂತ ಮಗುವಿನ ಕೈ ಪಣಕ್ಕೆ ಇಡಬೇಡಿ. ಇದನ್ನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಟೂರ್ನಿಗಳಲ್ಲಿ ಆಟಗಾರರು ಕೂರುವ ಡಗೌಟ್‌ನಲ್ಲಿ ಮೊಣಕೈಗೆ ಐಸ್ ಕಟ್ಟಿಕೊಂಡು ಕೂತ ಸಣ್ಣ ಮಕ್ಕಳನ್ನು ನೋಡಿದರೆ ನನಗೆ ತಡೆಯಲಾಗುವುದಿಲ್ಲ.

ಸಾಗರದ ಸೊಸೆ, ಸ್ಯಾನ್ ಹೊಸೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೆಳಗ್ಗೆಯೇ ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡಿದೆ. ಎರಡೂ ಕೋಚ್‌ಗಳಿಗೆ ಮೆಸೇಜ್ ಹೋಗಿದೆ, ಡಾಕ್ಟರ್ ನೋಡುವವರೆಗೆ ಎಸೆತ ಇಲ್ಲ. ಮಗನ ಮುಖ ಸಣ್ಣದಾಗಿದೆ. ಇರಲಿ.

ಬೇರೆ ಪ್ರಶ್ನೆಗೂ ಉತ್ತರ ಕೊಡಿ ಪ್ಲೀಸ್. ವಾಸಿಯಾಗಿ ಮತ್ತೆ ಮೌಂಡ್ ಹತ್ತೇ ಹತ್ತುತ್ತಾನೆ. ಆಗ ನಾನೇನು ಮಾಡಲಿ?

ಕುಂದಾಪುರದ ಕೂಸು, ಸಿಯಾಟಲ್

ಸ್ಕೋರ್ ಪುಸ್ತಕ ಹಿಡಿಯಿರಿ. ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಈಗ ಎಲ್ಲರೂ ಫೋನಿನಲ್ಲಿ ಗೇಮ್‌ಚೇಂಜರ್ ಆಪ್ ಒತ್ತುತ್ತಾ ಕೂರುತ್ತಾರೆ. ಅದೂ ಸರಿಯೇ, ಊರಲ್ಲಿರುವ ಅಜ್ಜ ಅಜ್ಜಿ ಅಲ್ಲಿಂದಲೇ ಲೈವ್ ನೋಡಬಹುದು. ಆದರೆ ನಾನು ಹೇಳುತ್ತಿರುವುದು ಕಾಗದದ ಪುಸ್ತಕ. ಸ್ಪೋರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ, ಸುರುಳಿ ತಂತಿಯ ಬೈಂಡಿಂಗ್‌ನದು. ಒಬ್ಬೊಬ್ಬ ಬ್ಯಾಟರ್‌ಗೆ ಒಂದೊಂದು ಸಾಲು, ಒಂದೊಂದು ಇನ್ನಿಂಗ್‌ಗೆ ಒಂದು ಮನೆ. ಮನೆಯೊಳಗೆ ಪುಟ್ಟ ವಜ್ರದ ಆಕಾರ, ಅದೇ ನಾಲ್ಕು ಬೇಸ್. ಹುಡುಗ ಮೊದಲ ಬೇಸ್ ಮುಟ್ಟಿದರೆ ಅಲ್ಲಿಯವರೆಗೆ ಪೆನ್ಸಿಲ್ ಗೆರೆ. ಎರಡನೆಯದಕ್ಕೆ ಹೋದರೆ ಇನ್ನೊಂದು ಗೆರೆ. ಸುತ್ತು ಮುಗಿಸಿ ಶುರುವಿನ ಬೇಸ್‌ಗೇ ವಾಪಸ್ ಬಂದರೆ ವಜ್ರವನ್ನು ಪೂರ್ತಿ ತುಂಬಿಬಿಡುವುದು. ಒಳ್ಳೆಯ ಚೆಂಡು ಬಿಟ್ಟರೂ, ಬೀಸಿ ತಾಗದಿದ್ದರೂ ಸ್ಟ್ರೈಕ್; ಮೂರಾದರೆ ಸ್ಟ್ರೈಕ್‌ಔಟ್. ಬ್ಯಾಟ್ ಬೀಸಿ ಸ್ಟ್ರೈಕ್‌ಔಟ್ ಆದರೆ ಇಂಗ್ಲಿಷ್ ಕೆ ಅಕ್ಷರ. ಬೀಸದೆ ಸುಮ್ನೆ ನಿಂತು ಔಟ್ ಆದರೆ ಅದೇ ಅಕ್ಷರ ಹಿಂದುಮುಂದಾಗಿ.

ಆಟಗಾರರಿಗೂ ಸಂಖ್ಯೆ ಇದೆ. ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಆಮೇಲೆ ಎಡದಿಂದ ಬಲಕ್ಕೆ ಔಟ್‌ಫೀಲ್ಡ್ 7, 8, 9. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಮೊದಲ ಬೇಸ್‌ಗೆ ಎಸೆದು ಔಟ್ ಮಾಡಿದರೆ 6-3. ಅಷ್ಟೇ ಬರೆದರೆ ಸಾಕು, ವರ್ಷಗಳಾದ ಮೇಲೂ ಓದಿದರೆ ಆ ಆಟ ಕಣ್ಣ ಮುಂದೆ ಬರುತ್ತದೆ.

ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಟುಕೊಂಡು ಮಗನ ಎಸೆತ ಎಣಿಸಿ. ಐದೈದರ ಗೆರೆ, ನಾಲ್ಕು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುವುದು. ಫೌಲ್ ಆದದ್ದನ್ನೂ, ಅಂದರೆ ಬ್ಯಾಟಿಗೆ ತಾಗಿ ಗೆರೆಯಾಚೆ ಹೋದದ್ದನ್ನೂ, ಸೇರಿಸಿ. ಎರಡು ಸ್ಟ್ರೈಕ್ ಆದಮೇಲೆ ಎಷ್ಟು ಫೌಲ್ ಹೊಡೆದರೂ ಸ್ಟ್ರೈಕ್ ಏರುವುದಿಲ್ಲ, ಆದರೆ ಕೈ ಎಸೆದಿರುತ್ತದಲ್ಲ. ವಾರ್ಮ್‌ಅಪ್ ಎಸೆತ ಮಾತ್ರ ಲೆಕ್ಕಕ್ಕಿಲ್ಲ.

ಇಷ್ಟು ಕೆಲಸ ಇದ್ದಾಗ ಭಯಕ್ಕೆ ಜಾಗ ಕಡಿಮೆ. ಮೂರು ವಾಕ್ ಆಯ್ತು ಅಂತ ಎದೆ ಹೊಡೆದುಕೊಳ್ಳುವ ಹೊತ್ತಿಗೆ ನಾಲ್ಕನೆಯವನ ಮೊದಲ ಚೆಂಡು ಬರೆಯಬೇಕಿರುತ್ತದೆ. ಇನ್ನೂ ಒಂದಿದೆ. ಪುಸ್ತಕ ಹಿಡಿದವರು ಬರೀ ತಮ್ಮ ಮಗುವನ್ನು ನೋಡುತ್ತಾ ಕೂರಲು ಆಗುವುದಿಲ್ಲ. ಹದಿನೆಂಟು ಮಕ್ಕಳನ್ನೂ ನೋಡಬೇಕು. ಎದುರು ಟೀಮಿನ ಪುಟ್ಟ ಎರಡನೇ ಬೇಸ್ ಹುಡುಗ ಎಷ್ಟು ಚುರುಕು ಅಂತ ನಿಮಗೇ ತಿಳಿಯುತ್ತದೆ. ಅವನ ಅಮ್ಮನಿಗೆ ಆಟ ಮುಗಿದಮೇಲೆ ಒಂದು ಒಳ್ಳೆಯ ಮಾತು ಹೇಳುತ್ತೀರಿ.

ತುಂಗೆ ದಡದವಳು, ಆಸ್ಟಿನ್

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಎಲ್ಲರೂ ಪುಸ್ತಕ ಹಿಡಿದರೆ ಮಗುವನ್ನು ನೋಡುವವರು ಯಾರು? ನನ್ನ ಮಗ ಡಬಲ್ ಹೊಡೆದು ಎರಡನೇ ಬೇಸ್ ಮೇಲೆ ನಿಂತು ಧೂಳು ಕೊಡವಿಕೊಳ್ಳುತ್ತಾ ನನ್ನ ಕಡೆ ನೋಡುತ್ತಾನೆ. ಅದು ಒಂದೇ ಕ್ಷಣ. ಆಗ ನಾನು ತಲೆ ಬಗ್ಗಿಸಿ ಬರೆಯುತ್ತಾ ಇರಲಾರೆ. ನಾನು ಕೈ ಕಟ್ಟಿ ಕೂತು ನೋಡುತ್ತೇನೆ, ಚಪ್ಪಾಳೆ ತಟ್ಟುತ್ತೇನೆ, ಅಷ್ಟೇ. ಅದೂ ಒಂದು ಕೆಲಸವೇ.

ಕುಂದಾಪುರದ ಕೂಸು, ಸಿಯಾಟಲ್

ಒಪ್ಪಿದೆ. ಮಗು ನಮ್ಮ ಕಡೆ ನೋಡಿದಾಗ ಪೆನ್ಸಿಲ್ ಕಿವಿಗೆ ಸಿಕ್ಕಿಸಿದರಾಯಿತು. ಭಯದಿಂದ ಕಾರಿನ ಹತ್ತಿರ ಓಡಬೇಕು ಅನ್ನಿಸುವವರಿಗೆ ನನ್ನ ಮದ್ದು. ನೆಮ್ಮದಿಯಾಗಿ ಕೂರಬಲ್ಲವರಿಗೆ ನಿಮ್ಮದೇ ಸರಿ.

ರೈಟ್‌ಫೀಲ್ಡ್ ಅಮ್ಮ, ಎಡಿಸನ್

ಪಿಚರ್ ಅಮ್ಮಂದಿರ ಮಾತಾಯಿತು. ರೈಟ್‌ಫೀಲ್ಡ್ ಅಮ್ಮಂದಿರ ಮಾತೂ ಇರಲಿ.

ಈ ವಯಸ್ಸಿನಲ್ಲಿ ಬಲಗೈ ಬ್ಯಾಟರ್‌ಗಳೇ ಜಾಸ್ತಿ. ಅವರು ಎಳೆದು ಹೊಡೆದರೆ ಚೆಂಡು ಎಡಕ್ಕೆ ಹೋಗುತ್ತದೆ. ಹಾಗಾಗಿ ಬಲಮೂಲೆಗೆ ಬರುವುದು ಅಪರೂಪ. ಅಷ್ಟೊಂದು ಆಟ ಬರದ ಮಕ್ಕಳನ್ನು ಅಲ್ಲಿ ನಿಲ್ಲಿಸುತ್ತಾರೆ. ಅದು ಮಕ್ಕಳಿಗೂ ಗೊತ್ತು. ನನ್ನ ಮಗ ಮೂರು ಸೀಸನ್‌ನಿಂದ ಅಲ್ಲೇ.

ನಿಯಮದ ಪ್ರಕಾರ ಟೀಮಿನ ಪ್ರತಿ ಮಗುವಿಗೂ ಕನಿಷ್ಠ ಆರು ಔಟ್ ಆಗುವಷ್ಟು ಹೊತ್ತು ಫೀಲ್ಡಿಂಗ್, ಒಂದು ಸಲ ಬ್ಯಾಟಿಂಗ್ ಕೊಡಬೇಕು. ಆರು ಇನ್ನಿಂಗ್‌ನ ಆಟದಲ್ಲಿ ಅದು ಎರಡು ಇನ್ನಿಂಗ್. ಕೆಲವು ಕೋಚ್‌ಗಳು ಅಷ್ಟಕ್ಕೇ ನಿಲ್ಲಿಸುತ್ತಾರೆ. ನಮ್ಮ ಈಗಿನ ಕೋಚ್ ಒಳ್ಳೆಯವರು, ಎಲ್ಲರನ್ನೂ ಸಾಲಾಗಿ ಬ್ಯಾಟ್ ಮಾಡಿಸುತ್ತಾರೆ. ಆದರೂ ಬೇಲಿಯಾಚೆ ಕೂತು ಎಣಿಸುವಾಗ ಆ ಎರಡು ಇನ್ನಿಂಗ್ ಎಷ್ಟು ಚಿಕ್ಕದು ಅನ್ನಿಸುತ್ತದೆ ಗೊತ್ತಾ?

ನಾನು ಅವನನ್ನೇ ನೋಡುತ್ತೇನೆ. ಚೆಂಡು ಎಲ್ಲೇ ಇರಲಿ. ಮೊದಲ ಬೇಸ್‌ಗೆ ಎಸೆತ ಹೋದಾಗಲೆಲ್ಲ ಅವನು ಓಡಿಹೋಗಿ ಅದರ ಹಿಂದೆ ನಿಲ್ಲುತ್ತಾನೆ. ಎಸೆತ ತಪ್ಪಿದರೆ ಹಿಡಿಯಲಿಕ್ಕೆ. ಅದನ್ನು ಬ್ಯಾಕಪ್ ಅನ್ನುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಚೆಂಡು ತಪ್ಪುವುದಿಲ್ಲ, ಅವನು ಸುಮ್ನೆ ವಾಪಸ್ ತನ್ನ ಜಾಗಕ್ಕೆ ಓಡುತ್ತಾನೆ. ಯಾರೂ ನೋಡುವುದಿಲ್ಲ. ಆಪ್‌ನಲ್ಲಿ ಬರುವುದಿಲ್ಲ. ಈ ಮೇ ತಿಂಗಳಲ್ಲಿ ಒಂದು ಸಲ ಎಸೆತ ತಪ್ಪಿತು. ಇವನು ಅಲ್ಲಿದ್ದ. ಎತ್ತಿ ಎರಡನೇ ಬೇಸ್‌ಗೆ ಎಸೆದ, ಓಡುತ್ತಿದ್ದ ಹುಡುಗ ಔಟ್. ಡಗೌಟ್ ಪೂರ್ತಿ ಇವನ ಹೆಸರು ಕೂಗಿತು. ನಾನು ಅತ್ತೆ. ನಾಚಿಕೆಯೇನಿಲ್ಲ.

ಸಾಗರದ ಸೊಸೆ ಅವರೇ, ಮನೆಗೆ ವಾಪಸ್ ಬರುವಾಗ ಕಾರಿನಲ್ಲಿ ಏನು ಹೇಳಬೇಕು ಅಂತಲೂ ಯೋಚನೆ ಇರುತ್ತದೆ ನಿಮಗೆ. ನಾನು ಆಟದ ಮಾತು ತೆಗೆಯುವುದೇ ಇಲ್ಲ. ಹಸಿವಾಯ್ತಾ ಅಂತ ಕೇಳುತ್ತೇನೆ. ಮೊಸರನ್ನದ ಡಬ್ಬಿ ಹಿಂದಿನ ಸೀಟಿನಲ್ಲೇ ಇರುತ್ತದೆ. ಅರ್ಧ ತಿಂದಮೇಲೆ ಅವನೇ ಶುರು ಮಾಡುತ್ತಾನೆ. ಶುರು ಮಾಡದಿದ್ದರೆ ಅವತ್ತಿಗೆ ಬೇಡ ಅಂತ ಅರ್ಥ.

ಶಿವಮೊಗ್ಗದ ಅಜ್ಜ

ನಮಸ್ಕಾರ ಮಕ್ಕಳೇ. ನಾನು ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ನಿವೃತ್ತ ಮೇಷ್ಟ್ರು. ಹೋದ ವರ್ಷ ಮಗಳ ಮನೆಗೆ ಬಂದು ಆರು ತಿಂಗಳು ಇದ್ದೆವು. ಮೊಮ್ಮಗನ ಆಟಗಳನ್ನು ಮಡಚುವ ಕುರ್ಚಿ ಹಾಕಿಕೊಂಡು ನೋಡಿದೆವು. ನಮ್ಮ ಮನೆಯವರು ಕೋಡುಬಳೆ ಮಾಡಿ ತಂದು ಡಗೌಟ್‌ಗೆ ಕೊಟ್ಟರೆ ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ ಹುಡುಗರೆಲ್ಲ ಮುಗಿಬಿದ್ದರು.

ಕ್ರಿಕೆಟ್ ನೋಡಿ ಬೆಳೆದವನು ನಾನು. ಮೊದಲು ಇದೇನು ಬರೀ ಫುಲ್ ಟಾಸ್ ಅನ್ನಿಸಿತು. ಕೂತು ನೋಡಿದಮೇಲೆ ಗೊತ್ತಾಯಿತು. ನಮ್ಮ ಪಿಚ್ 66 ಅಡಿ. ಈ ಮಕ್ಕಳದು 46 ಅಡಿ. ಗಂಟೆಗೆ 50 ಮೈಲಿ ವೇಗದ ಚೆಂಡು ಅಷ್ಟು ದೂರ ದಾಟಲು ಸುಮಾರು 0.6 ಸೆಕೆಂಡ್ ಸಾಕು. ಅಷ್ಟರಲ್ಲಿ ಹನ್ನೆರಡು ವರ್ಷದ ಹುಡುಗ ಹೊಡೆಯಬೇಕೋ ಬಿಡಬೇಕೋ ನಿರ್ಧಾರ ಮಾಡಬೇಕು. ಬಿಡುವುದೂ ಒಂದು ವಿದ್ಯೆ. ನಮ್ಮ ದ್ರಾವಿಡ್ ಟೆಸ್ಟ್‌ನಲ್ಲಿ 31,258 ಎಸೆತ ಎದುರಿಸಿದವರು. ಮೊಮ್ಮಗ ನಾಲ್ಕು ಕೆಟ್ಟ ಚೆಂಡು ಬಿಟ್ಟು ವಾಕ್ ತೆಗೆದುಕೊಂಡಾಗ ಅಲ್ಲಿನ ಹಿರಿಯರೊಬ್ಬರು "ಗುಡ್ ಐ" ಅಂದರು. ಆ ಮಾತು ನನಗೆ ಬಹಳ ಇಷ್ಟವಾಯಿತು.

ಒಂದು ಸಂಗತಿ ಮಾತ್ರ ನನಗೆ ಬೇಸರ ತರಿಸಿತು. ಅಂಪೈರ್ ಮೇಲೆ ಕೂಗುವ ದೊಡ್ಡವರು. ಅಂಪೈರ್ ಯಾರು ಅಂದರೆ ಹೈಸ್ಕೂಲ್ ಓದುವ ಹುಡುಗ, ಇಲ್ಲವೇ ಇನ್ನೊಂದು ಮಗುವಿನ ಅಪ್ಪ. ರಜೆ ದಿನ ಬಿಟ್ಟು ಬಂದಿರುತ್ತಾರೆ. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ನೆನಪಾದರು. 1980ರ ಫೆಬ್ರವರಿ, ಮುಂಬೈಯಲ್ಲಿ ಇಂಗ್ಲೆಂಡ್ ಮೇಲೆ ಟೆಸ್ಟ್. ವಿಶಿ ಕ್ಯಾಪ್ಟನ್. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ವಿಶಿ ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್, ಬೋಥಮ್ ಜೊತೆ ಸೇರಿ ಆಟದ ದಿಕ್ಕನ್ನೇ ಬದಲಿಸಿದರು. ಭಾರತ ಸೋತಿತು. ಇವತ್ತಿಗೂ ನಾವು ಆ ಪಂದ್ಯವನ್ನು ಅಭಿಮಾನದಿಂದಲೇ ಹೇಳಿಕೊಳ್ಳುತ್ತೇವೆ. ಮೊಮ್ಮಗನಿಗೆ ಈ ಕಥೆ ಹೇಳಿದೆ. ಅವನು ಎರಡು ಸಲ ಕೇಳಿಸಿಕೊಂಡ.

ಈಗ ಊರಿಂದಲೇ ಫೋನಿನಲ್ಲಿ ಆಟ ನೋಡುತ್ತೇನೆ. ಅಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಶುರುವಾದರೆ ಇಲ್ಲಿ ರಾತ್ರಿ ಹತ್ತೂವರೆ. ನನಗೊಂದು ಸಂಶಯ ಇದೆ. ಮೊನ್ನೆ ಮೊಮ್ಮಗ ಮೂರನೇ ಸ್ಟ್ರೈಕ್ ಆದಮೇಲೂ ಮೊದಲ ಬೇಸ್‌ಗೆ ಓಡಿ ನಿಂತ, ಔಟ್ ಕೊಡಲಿಲ್ಲ. ಅದು ಹೇಗೆ? ಯಾರಾದರೂ ತಿಳಿಸಿ.

ಮಗಳ ಅಪ್ಪ, ಷಿಕಾಗೋ

ಅಜ್ಜನ ಪ್ರಶ್ನೆಗೆ ಗೊತ್ತಿದ್ದವರು ಉತ್ತರ ಕೊಡಿ. ನಾನು ಮಗಳ ಬಗ್ಗೆ ಎರಡು ಮಾತು ಬರೆಯುತ್ತೇನೆ.

ನನ್ನ ಮಗಳು ಸಾಫ್ಟ್‌ಬಾಲ್ ಅಲ್ಲ, ಬೇಸ್‌ಬಾಲೇ ಆಡುತ್ತಾಳೆ. ಹುಡುಗರ ಜೊತೆ. ನಮ್ಮವರೇ ಕೆಲವರು "ಹುಡುಗಿಗೆ ಯಾಕಪ್ಪ ಇದು" ಅಂದರು. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಲಿಟಲ್ ಲೀಗ್ ಶುರು ಮಾಡಿದಾಗ ಅದು ಗಂಡುಮಕ್ಕಳದ್ದೇ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1974ರಲ್ಲಿ, ಅದೂ ಕೋರ್ಟಿನಲ್ಲಿ ಹೋರಾಡಿದ ಮೇಲೆ. 2014ರ ಲಿಟಲ್ ಲೀಗ್ ವರ್ಲ್ಡ್ ಸೀರೀಸ್‌ನಲ್ಲಿ ಫಿಲಡೆಲ್ಫಿಯಾದ ಮೋನೇ ಡೇವಿಸ್ ಎದುರಾಳಿಗೆ ಒಂದೂ ರನ್ ಬಿಟ್ಟುಕೊಡದೆ ಪಂದ್ಯ ಗೆಲ್ಲಿಸಿದಳು. ಆಗ ಅವಳಿಗೆ 13 ವರ್ಷ. ಆ ವಿಡಿಯೋ ನಮ್ಮನೆಯಲ್ಲಿ ಎಷ್ಟು ಸಲ ಓಡಿದೆಯೋ.

ನನ್ನ ಮಗಳಿಗೆ ಚೆಂಡಿನ ಭಯ ಇತ್ತು. ಒಂದು ಸಲ ಬೆನ್ನಿಗೆ ಬಿತ್ತು, ಆಮೇಲೆ ಪ್ರತಿ ಎಸೆತಕ್ಕೂ ಕಾಲು ಹಿಂದೆ ಸರಿಯುತ್ತಿತ್ತು. ಬೇಲಿಯಾಚೆ ನಿಂತು "ಹೆದರಬೇಡ" ಅಂದರೆ ಭಯ ಹೋಗುತ್ತಾ? ಮನೆಯ ಹಿತ್ತಲಲ್ಲಿ ಟೆನಿಸ್ ಚೆಂಡು ಎಸೆದು, ಮೈಮೇಲೆ ಬಂದಾಗ ಮುಖ, ಎದೆ ಕ್ಯಾಚರ್ ಕಡೆಗೆ ತಿರುಗಿಸಿ ಬೆನ್ನು ಕೊಡುವುದನ್ನು ಅಭ್ಯಾಸ ಮಾಡಿಸಿದೆ. ಏಟು ಬಿದ್ದರೂ ಎಲ್ಲಿ ಬೀಳಬೇಕು ಅಂತ ಅವಳಿಗೆ ತಿಳಿಯಿತು. ನಿಧಾನಕ್ಕೆ ಕಾಲು ನಿಂತಿತು.

ಅಂದಹಾಗೆ, ಬ್ಯಾಟಿಂಗ್‌ನಲ್ಲಿ ಸೋಲು ಅನ್ನುವುದು ಎಲ್ಲರಿಗೂ ಇದ್ದದ್ದೇ. 1941ರಲ್ಲಿ ಮೇಜರ್ ಲೀಗ್ ಬ್ಯಾಟರ್ ಟೆಡ್ ವಿಲಿಯಮ್ಸ್ ಸರಾಸರಿ .406, ಅಂದರೆ ಹತ್ತರಲ್ಲಿ ಸುಮಾರು ನಾಲ್ಕು ಹಿಟ್. ಆಮೇಲೆ ಮೇಜರ್ ಲೀಗ್‌ನ ಎರಡೂ ಲೀಗ್‌ಗಳಲ್ಲಿ ಪೂರ್ತಿ ಸೀಸನ್ ಆಡಿ .400 ಮುಟ್ಟಿದವರೇ ಇಲ್ಲ. ಅಂದರೆ ಅಂಥವರಿಗೂ ಹತ್ತರಲ್ಲಿ ಸುಮಾರು ಆರು ಸಲ ಹಿಟ್ ಸಿಗಲಿಲ್ಲ. ಇದನ್ನು ಮಕ್ಕಳಿಗಿಂತ ಮೊದಲು ಅಪ್ಪ ಅಮ್ಮಂದಿರಿಗೆ ಹೇಳಬೇಕು.

ಹಾಸನದ ಹುಡುಗ, ಫ್ರೀಮಾಂಟ್

ಕನ್ನಡದಲ್ಲಿ ಹೇಳಿಕೊಡುವ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ. ಕೋಚ್ ಆಗಿ ನಾನು ಹೇಳುತ್ತೇನೆ. ಬೇಡ ಸರ್.

ಭಾಷೆ ತೊಂದರೆ ಅಲ್ಲ. ಪಿಚರ್ ಎಸೆಯುವ ಮೊದಲು ಕ್ಯಾಚರ್‌ನ ಗ್ಲೌಸ್ ನೋಡಬೇಕು, ಅದೇ ಅವನ ಗುರಿ. ಕಣ್ಣು ಅಲ್ಲಿಂದ ಎದ್ದರೆ ತಲೆ ಏಳುತ್ತದೆ, ತಲೆ ಎದ್ದರೆ ಭುಜ ತೆರೆಯುತ್ತದೆ, ಚೆಂಡು ಮೇಲಕ್ಕೆ ಹೋಗುತ್ತದೆ. ಆ ಮೂರು ವಾಕ್‌ಗಳಲ್ಲಿ ಎಷ್ಟು ಚೆಂಡು ಎತ್ತರಕ್ಕೆ ಹೋಗಿತ್ತು ಅಂತ ನೆನಪಿದ್ದರೆ ಯೋಚಿಸಿ ನೋಡಿ. ಮೇಲಾಗಿ "ಮೊಣಕೈ ಮೇಲೆ" ಅಂತ ಅಪ್ಪ, "ಫಿನಿಶ್" ಅಂತ ಕೋಚ್, ಹುಡುಗ ಯಾರ ಮಾತು ಕೇಳಬೇಕು?

ಅಪ್ಪನಿಗೆ ಇಷ್ಟು ಉತ್ಸಾಹ ಇದ್ದರೆ ಲೀಗ್‌ಗೆ ಕೋಚ್ ಬೇಕೇ ಬೇಕು. ವಾಲಂಟಿಯರ್ ಅರ್ಜಿ ಹಾಕಿ, ಬ್ಯಾಕ್‌ಗ್ರೌಂಡ್ ಚೆಕ್ ಮುಗಿಸಿ, ಮೊದಲ ಬೇಸ್ ಪಕ್ಕದಲ್ಲಿ ನಿಂತು ಮಕ್ಕಳನ್ನು ಓಡಿಸಲಿ. ಅಲ್ಲಿ ಎಷ್ಟು ಬೇಕಾದರೂ ಕೂಗಬಹುದು.

ಬಯಲುಸೀಮೆ, ಪ್ಲೇನೋ

ಇದರಲ್ಲಿ ಸ್ವಲ್ಪ ಸಡಿಲ ಬಿಡಬಹುದು ಅನ್ನಿಸುತ್ತದೆ. ಆಟ ಹೇಳಿಕೊಡುವುದು ಬೇಡ, ಸರಿ. ಆದರೆ ಇನ್ನಿಂಗ್ ಮುಗಿಸಿ ಡಗೌಟ್‌ಗೆ ಬರುವಾಗ "ಭೇಷ್ ಮಗನೇ" ಅಂತ ಕನ್ನಡದಲ್ಲಿ ಒಂದು ಮಾತು ಕೇಳಿಸಿದರೆ ಮಗುವಿಗೆ ಎಷ್ಟು ಧೈರ್ಯ! ನನ್ನ ಮಗ ಈಗ ಹೈಸ್ಕೂಲ್. ಈಗಲೂ ನಮ್ಮಪ್ಪ "ಶಭಾಷ್" ಅಂತ ಕೂಗಿದರೆ ಅವನ ಟೀಮಿನ ಹುಡುಗರೆಲ್ಲ ತಿರುಗಿ ಅದನ್ನೇ ಕೂಗುತ್ತಾರೆ.

ಹಾಸನದ ಹುಡುಗ, ಫ್ರೀಮಾಂಟ್

ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಎಸೆತಗಳ ನಡುವೆ ಬೇಡ ಅಷ್ಟೇ.

ಸಾಗರದ ಸೊಸೆ, ಸ್ಯಾನ್ ಹೊಸೆ

ಎಲ್ಲರಿಗೂ ಸುದ್ದಿ ಕೊಡೋಣ ಅಂತ ಬಂದೆ.

ಡಾಕ್ಟರ್ ಎಕ್ಸ್‌ರೇ ತೆಗೆಸಿದರು. ಹಾಸನದವರು ಹೇಳಿದ್ದೇ. ಗ್ರೋತ್ ಪ್ಲೇಟ್ ಹತ್ತಿರ ಉರಿಯೂತ ಇದೆ, ಮೂಳೆ ಕದಲಿಲ್ಲ. ಆರು ವಾರ ಯಾವ ಎಸೆತವೂ ಇಲ್ಲ, ಆಮೇಲೆ ಫಿಸಿಯೋಥೆರಪಿ, ನಿಧಾನಕ್ಕೆ ಶುರು. ಸರಿಯಾದ ಸಮಯಕ್ಕೆ ಬಂದಿರಿ ಅಂದರು. ಆ ಮಾತು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ನೀವೆಲ್ಲ ಅವತ್ತು ಅಷ್ಟು ಖಡಾಖಂಡಿತವಾಗಿ ಹೇಳದಿದ್ದರೆ ಆ ಭಾನುವಾರವೂ ಆಡಿಸಿಬಿಡುತ್ತಿದ್ದೆವೋ ಏನೋ.

ಟ್ರಾವೆಲ್ ಟೀಮ್ ಈ ವರ್ಷಕ್ಕೆ ಬಿಟ್ಟೆವು. ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಹೋಗಲಿ.

ಲೀಗ್ ಕೋಚ್ ಬಹಳ ಚೆನ್ನಾಗಿ ನಡೆದುಕೊಂಡರು. ಯೂನಿಫಾರ್ಮ್ ಹಾಕಿಕೊಂಡು ಬಾ, ಡಗೌಟ್‌ನಲ್ಲಿ ನನ್ನ ಪಕ್ಕ ಕೂತು ಎಸೆತ ಎಣಿಸು ಅಂತ ಮಗನಿಗೇ ಆ ಕೆಲಸ ಕೊಟ್ಟರು. ಕೈಯಲ್ಲಿ ಒತ್ತುವ ಪುಟ್ಟ ಕೌಂಟರ್ ಕೊಟ್ಟಿದ್ದಾರೆ. ಅವನು ಅಲ್ಲಿ ಒತ್ತುತ್ತಾನೆ, ನಾನು ಬ್ಲೀಚರ್ಸ್‌ನಲ್ಲಿ ಗೆರೆ ಎಳೆಯುತ್ತೇನೆ. ಇನ್ನಿಂಗ್ ಮುಗಿದಮೇಲೆ ಬೆರಳಿನಲ್ಲಿ ಸಂಖ್ಯೆ ತೋರಿಸುತ್ತಾನೆ, ನನ್ನದಕ್ಕೂ ಅವನದಕ್ಕೂ ತಾಳೆ ಆಯ್ತಾ ಅಂತ. ಸ್ಕೋರ್ ಪುಸ್ತಕ ತಂದಿದ್ದೇನೆ. 6-3 ಬರೆಯುವುದು ಬಂತು. ಎರಡು ಔಟ್ ಒಟ್ಟಿಗೆ ಆದರೆ ಇನ್ನೂ ಗಲಿಬಿಲಿ.

ನಮ್ಮನೆಯವರು ಇದನ್ನೆಲ್ಲ ಓದಿದರು. ಭುಜ ತೆರೆಯುವ ವಿಷಯ ಒಪ್ಪಿದರು. ಪೂರ್ತಿ ಒಪ್ಪಿದ್ದಾರೆ ಅಂತ ಹೇಳಲಾರೆ. ವಾಲಂಟಿಯರ್ ಅರ್ಜಿ ತುಂಬಿಸಿದ್ದಾರೆ, ಕಳಿಸಿಲ್ಲ.

ಕುಂದಾಪುರದವರೇ, ವಾಕ್ ಆದಾಗ ವಜ್ರದ ಪಕ್ಕ ಏನು ಬರೆಯಬೇಕು? ಪುಸ್ತಕದ ಮೊದಲ ಪುಟದಲ್ಲಿ ಒಂದು ಥರ ಇದೆ, ಪಕ್ಕದ ಅಮ್ಮ ಇನ್ನೊಂದು ಥರ ಹೇಳಿದರು.

ಕುಂದಾಪುರದ ಕೂಸು, ಸಿಯಾಟಲ್

ಇಂಗ್ಲಿಷ್‌ನ ಎರಡು ಬಿ ಬರೆಯಿರಿ, ಬೇಸ್ ಆನ್ ಬಾಲ್ಸ್ ಅಂತ. ಕೆಲವರು ಡಬ್ಲ್ಯೂ ಬರೆಯುತ್ತಾರೆ. ನಿಮ್ಮ ಪುಸ್ತಕ, ನಿಮಗೆ ಓದಲು ಬಂದರೆ ಸಾಕು. ಎರಡು ಔಟ್ ಒಟ್ಟಿಗೆ ಆದರೆ ಇಬ್ಬರ ಮನೆಯಲ್ಲೂ ಔಟ್ ಬರೆದು ನಡುವೆ ಒಂದು ಗೆರೆಯಿಂದ ಜೋಡಿಸಿ.

ಹುಡುಗನ ಕೈ ಬೇಗ ವಾಸಿಯಾಗಲಿ.

ಹಾಸನದ ಹುಡುಗ, ಫ್ರೀಮಾಂಟ್

ಅಕ್ಕ, ತುಂಬಾ ಸಮಾಧಾನ ಆಯ್ತು. ವಾಪಸ್ ಬಂದಮೇಲೆ ಮೊದಲ ದಿನವೇ 75 ಬೇಡ. ಡಾಕ್ಟರ್ ಕೊಟ್ಟ ಪಟ್ಟಿ ಹೇಗಿದೆಯೋ ಹಾಗೆ ಹೋಗಿ. ಯಜಮಾನರಿಗೆ ಅರ್ಜಿ ಕಳಿಸಲು ಹೇಳಿ.

ಶಿವಮೊಗ್ಗದ ಅಜ್ಜಾ, ನಿಮ್ಮ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಮೂರನೇ ಸ್ಟ್ರೈಕ್ ಚೆಂಡನ್ನು ಕ್ಯಾಚರ್ ನೆಲಕ್ಕೆ ತಾಗುವ ಮೊದಲೇ ಹಿಡಿಯಬೇಕು. ಜಾರಿಬಿಟ್ಟರೆ ಬ್ಯಾಟರ್ ಓಡಬಹುದು. ಆಗ ಮೊದಲ ಬೇಸ್ ಖಾಲಿ ಇರಬೇಕು, ಇಲ್ಲವೇ ಆಗಲೇ ಎರಡು ಔಟ್ ಆಗಿರಬೇಕು. ಕ್ಯಾಚರ್ ಅವನನ್ನು ಚೆಂಡಿನಿಂದ ಮುಟ್ಟಬೇಕು, ಇಲ್ಲವೇ ಅವನಿಗಿಂತ ಮೊದಲು ಚೆಂಡು ಮೊದಲ ಬೇಸ್ ಸೇರಬೇಕು. ನಿಮ್ಮ ಮೊಮ್ಮಗನಿಗೆ 12 ಅಲ್ವಾ, ಲಿಟಲ್ ಲೀಗ್‌ನಲ್ಲೇ ಮೇಜರ್ಸ್ ಅನ್ನುವ ವಿಭಾಗ. ಅಲ್ಲಿ ಈ ನಿಯಮ ಇದೆ. ಅದಕ್ಕಿಂತ ಚಿಕ್ಕವರು ಆಡುವ ಮೈನರ್ಸ್‌ನಲ್ಲಿ ಇಲ್ಲ, ಅಲ್ಲಿ ಮೂರನೇ ಸ್ಟ್ರೈಕ್ ಅಂದರೆ ಔಟೇ. ನಿಮ್ಮ ಹುಡುಗ ಕ್ಯಾಚರ್ ಕೈಜಾರಿದ್ದನ್ನು ನೋಡಿ ಓಡಿದ್ದಾನೆ. ಆಟ ಬಿಡದ ಹುಡುಗ.

ಶಿವಮೊಗ್ಗದ ಅಜ್ಜ

ಅರ್ಥವಾಯಿತಪ್ಪ, ಉಪಕಾರವಾಯಿತು. ಹಾಗಾದರೆ ಅವನ ಲೆಕ್ಕಕ್ಕೆ ಸ್ಟ್ರೈಕ್‌ಔಟ್ ಬರುತ್ತದೋ ಇಲ್ಲವೋ?

ಹಾಸನದ ಹುಡುಗ, ಫ್ರೀಮಾಂಟ್

ಬರುತ್ತದೆ ಅಜ್ಜ. ಪಿಚರ್‌ಗೆ ಸ್ಟ್ರೈಕ್‌ಔಟ್ ಸಿಗುತ್ತದೆ, ನಿಮ್ಮ ಮೊಮ್ಮಗನಿಗೆ ಬೇಸ್ ಸಿಗುತ್ತದೆ.